ನಾನು ಇಟ್ಟುಕೊಂಡ ಹಳೇ ಲ್ಯಾಪ್‌ಟಾಪ್

ಸಣ್ಣವಳೇ, ಈ ದೀಪಾವಳಿಗೆ ನೀನು ನನ್ನನ್ನು ಒಂದು ಮಾತು ಕೇಳಿದೆ. "ಆಯಿ, ಅವ್ವ ಅಕ್ಕಗ ಒಂಬತ್ತು ಪುಟ ಬರ್ದಾಳ. ನನಗ ಮೂರ ಸಾಲು. ನಾ ಆಕಿಗೆ ಬ್ಯಾಡಾಗಿದ್ನೇನು?"

ಹಿಟ್ಟು ನಾದುತ್ತಿದ್ದವಳು ಕೈ ತೊಳೆಯುವ ನೆವ ಮಾಡಿ ಎದ್ದು ಹೋದೆ. ಎದುರಿಗೆ ನಿಂತು ಹೇಳುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ನಿಮ್ಮ ಅಜ್ಜ ಇದ್ದಾಗ ಅವರೇ ನನ್ನ ಮಾತನ್ನೂ ಆಡುತ್ತಿದ್ದರು. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದರಿಂದ ಬರೆಯಲು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ದೊಡ್ಡವಳೂ ಓದಲಿ.

ನನ್ನ ಮಗಳಿಗೆ, ನಿಮ್ಮ ಅವ್ವನಿಗೆ, ನರದ ಬೇನೆ ಬಂದಾಗ ಮೊದಲು ಹೋದದ್ದು ಮಾತು. ಇಡೀ ವರ್ಗಕ್ಕೆ ಕೇಳುವಂತೆ ಪದ್ಯ ಹೇಳಿಕೊಡುತ್ತಿದ್ದ ಮಾಸ್ತರಿಣಿ ಅವಳು. ನೀರು ಕೇಳಿದರೂ ನಮಗೆ ತಿಳಿಯದಂತಾಯಿತು. ಆಮೇಲೆ ಕೈ ಸೋತಿತು. ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಮೊಬೈಲಿನಲ್ಲಿ ಒಂದು ಅಕ್ಷರ ಒತ್ತಿದರೆ ಅದರ ಪಕ್ಕದ್ದು ಬೀಳುತ್ತಿತ್ತು. ಉಳಿದದ್ದು ಅವಳು ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದ ಸಣ್ಣ ಲ್ಯಾಪ್‌ಟಾಪ್ ಒಂದೇ. ದೊಡ್ಡದಾಗಿದ್ದರೆ ಅವಳ ಕೈ ಆ ತುದಿಗೆ ಮುಟ್ಟುತ್ತಿರಲಿಲ್ಲ. ಇದನ್ನು ತೊಡೆಯ ಮೇಲೆ ಮಣೆ ಇಟ್ಟು, ಅದರ ಮೇಲಿಟ್ಟರೆ ಬಲಗೈಯ ಎರಡು ಬೆರಳಿನಿಂದ ಒತ್ತುತ್ತಿದ್ದಳು. ಅವಳು ಒತ್ತುವುದು, ನಾನು ಓದುವುದು. ಅದೇ ನಮ್ಮ ಮಾತುಕತೆ.

ತನ್ನ ದಿನಗಳು ಕಡಿಮೆ ಎಂದು ಅವಳಿಗೆ ಗೊತ್ತಿತ್ತು. ದೊಡ್ಡವಳಿಗೆ ಪತ್ರ ಬರೆದು ಮುಗಿಸಿದಳು. ನಿಮ್ಮ ಅಪ್ಪ ಅದನ್ನು ಪ್ರಿಂಟ್ ತೆಗೆಸಿ ತಂದರು. ಮರುದಿನ "ಇನ್ನ ಸಣ್ಣಾಕಿದು" ಎಂದು ಒತ್ತಿ ನನಗೆ ತೋರಿಸಿದಳು. ಆ ವಾರವೇ ಲ್ಯಾಪ್‌ಟಾಪ್ ಮಣೆಯಿಂದ ಜಾರಿ ನೆಲಕ್ಕೆ ಬಿತ್ತು. ಅದರ ಪರದೆ ಮತ್ತೆ ಹತ್ತಲಿಲ್ಲ.

ನವಲಗುಂದದ ಅಂಗಡಿಯಲ್ಲಿ ಅಂಥ ಸಣ್ಣವು ಎರಡೇ ಇದ್ದವಂತೆ. ಒಂದು, ಬಿದ್ದು ಒಡೆದ ನಮ್ಮದರ ಹಾಗೆಯೇ ಇರುವ ಹಳೆಯ ಮಾಡೆಲ್. ಇನ್ನೊಂದು ಅದೇ ಕಂಪನಿಯ ಹೊಸದು, ಮಕ್ಕಳ ಪಾಟಿಯಷ್ಟು ತೆಳು. ಯಾವುದು ಎಂದು ತಿಳಿಯದೆ ನಿಮ್ಮ ಅಪ್ಪ ನಿಂತಿದ್ದಾಗ ಅಂಗಡಿಯವರು, "ಸೀರಿ ಅಂಗಡ್ಯಾವ್ರು ಮನ್ಯಾನ ಹೆಣ್ಮಕ್ಕಳಿಗೆ ಆರಿಸಾಕ ಗಂಟು ಕಟ್ಟಿ ಕಳಸೂದಿಲ್ಲೇನ್ರಿ? ಹಂಗ ತಿಳೀರಿ. ಎರಡೂ ಒಯ್ರಿ. ಪಸಂದ ಬಂದದ್ದು ಇಟ್ಕೋರಿ, ಇನ್ನೊಂದು ಸೋಮವಾರ ತಂದ್ಕೊಡ್ರಿ" ಎಂದು ಎರಡನ್ನೂ ಚೀಲಕ್ಕೆ ಹಾಕಿಕೊಟ್ಟರು.

ಮನೆಗೆ ತಂದು ನಿಮ್ಮ ಅಪ್ಪ ಅವನ್ನು ನನ್ನ ಮುಂದಿಟ್ಟರು. "ಅತ್ಯಾರ, ಆಕಿ ಮಾತು ನಿಮಗ ತಿಳಿದಷ್ಟು ನನಗ ತಿಳಿಯೂದಿಲ್ಲ. ನೀವ ನೋಡಿ ಹೇಳ್ರಿ."

ರವಿವಾರ ಮುಂಜಾನೆ ಹೊಸದನ್ನು ಮೊದಲು ಮಣೆಯ ಮೇಲೆ ಇಟ್ಟೆ. ಅದರ ಅಕ್ಷರದ ಕೀಲಿಗಳು ಎಷ್ಟು ಮೆತ್ತಗೆಂದರೆ ಬೆರಳು ಊರಿದರೆ ಸಾಕು, ಅಕ್ಷರ ಸಾಲುಗಟ್ಟಿ ಬೀಳುತ್ತಿದ್ದವು. ಪರದೆ ತುಂಬ ಕಕಕಕಕ.

"ಏ ಅವ್ವಾ, ಕಾಗಿ ಆದೇನ ಬೇ?" ಎಂದು ದೊಡ್ಡವಳು ನಕ್ಕಳು. ನೀನೂ "ಕಾಕಾ, ಕಾಕಾ" ಎಂದು ಅಂಗಳದ ತುಂಬ ಓಡಿದೆ. ನಿಮ್ಮ ಅವ್ವ ಕಣ್ಣಲ್ಲೇ ನಕ್ಕಳು. ಬೆರಳು ಎತ್ತಿ ಮತ್ತೆ ಇಟ್ಟಳು. ಈ ಸಲ ಬಿದ್ದದ್ದು ಒಂದೇ ಮಾತು: ಇರಲಿ.

ನಾನು ಮೋಸಹೋದದ್ದು ಅಲ್ಲಿ. ನಮ್ಮ ಮನೆಯ ಹೆಂಗಸರು ಬೇಕಾದದ್ದು ಸಿಗದಿದ್ದಾಗ ಆಡುವ ಮಾತು ಅದು. ಸೀರೆಯ ಬಣ್ಣ ಬಿಟ್ಟರೆ ಇರಲಿ. ಸಾರು ಉಳಿಯದಿದ್ದರೆ ಇರಲಿ ಬಿಡು. ನಿಮ್ಮ ಅವ್ವ ಸಣ್ಣವಳಿದ್ದಾಗಿನಿಂದ ಹಾಗೆಯೇ ಅನ್ನುತ್ತ ಬಂದವಳು. ನನಗೆ ತೊಂದರೆ ಆಗಬಾರದೆಂದು ಸುಮ್ಮನೆ ಒಪ್ಪುತ್ತಿದ್ದಾಳೆ ಎಂದುಕೊಂಡೆ.

"ಒತ್ತಾಯಕ್ಕ ಹೂಂ ಅನಬ್ಯಾಡ ಬೇ. ನಿನ್ನ ಕೈಗೆ ರೂಢಿ ಇದ್ದದ್ದು ಐತಿ, ತಡಿ" ಎಂದು ಹಳೆಯದನ್ನು ಇಟ್ಟೆ. ಅದರ ಕೀಲಿಗಳು ಎತ್ತರ, ನಡುವೆ ಸಂದು ಇತ್ತು, ಬೆರಳು ಊರಿದರೂ ತಾನಾಗಿ ಅಕ್ಷರ ಬೀಳುತ್ತಿರಲಿಲ್ಲ. ಬಹಳ ಹೊತ್ತು ಹಿಡಿದು 'ಅವ್ವ' ಎಂದು ಒತ್ತಿದಳು. ಒಂದೂ ತಪ್ಪಿಲ್ಲ. ನನಗೆ ಹಿಗ್ಗೋ ಹಿಗ್ಗು. ಅವಳು ಇನ್ನೂ ಏನೋ ಒತ್ತಲು ನೋಡುತ್ತಿದ್ದಾಗಲೇ ನಾನು ಹೊರಗೆ ಹೋಗಿ ನಿಮ್ಮ ಅಪ್ಪನಿಗೆ, "ಹಳೇದ ಪಸಂದ ಬಂದೈತ್ರಿ" ಎಂದೆ. ಸೋಮವಾರ ಹೊಸದು ಅಂಗಡಿಗೆ ಹೋಯಿತು.

ಆ ಬೇನೆ ದಿನದಿನಕ್ಕೂ ಬೆರಳಿನ ಬಲ ತಿನ್ನುತ್ತದೆ ಎಂದು ಡಾಕ್ಟರರು ಹೇಳಿದ್ದರು. ನಾನು ಕೇಳಿದ್ದೆ, ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಮೂರು ವಾರಕ್ಕೆ ಹಳೆಯದರ ಕೀಲಿ ಅವಳಿಗೆ ಕಲ್ಲಾಯಿತು. ನಿನ್ನ ಹೆಸರು ಒತ್ತಲು ಹೋದರೆ ಅರ್ಧಕ್ಕೇ ಹಣೆ ಬೆವರುತ್ತಿತ್ತು, ಕೈ ಮಣೆಯಿಂದ ಕೆಳಗೆ ಜಾರುತ್ತಿತ್ತು. ಮತ್ತೆ ಎತ್ತಿ ಇಡುತ್ತಿದ್ದೆ. ಮತ್ತೆ ಜಾರುತ್ತಿತ್ತು.

ಒಂದು ದಿನ ನೀವು ಶಾಲೆಗೆ ಹೋದಾಗ ಶುರು ಮಾಡಿದವಳು ಊಟದ ಹೊತ್ತಿನ ತನಕ ಕೂತು ಇಷ್ಟು ಒತ್ತಿದಳು: ಹೊಸದು ಇರಲಿ ಅಂದಿದ್ದೆ.

ಓದಿದೆ. ಮತ್ತೊಮ್ಮೆ ಓದಿದೆ. ಅವತ್ತಿನ 'ಇರಲಿ'ಯಲ್ಲಿ ಸಾಕು ಬಿಡು ಎಂದಿರಲಿಲ್ಲ ಅವಳು, ಇದನ್ನೇ ಇಟ್ಟುಕೊಳ್ಳೋಣ ಎಂದಿದ್ದಳು. ಮುಂದೆ ಬೆರಳು ಏನಾಗಲಿದೆ ಎಂದು ಲೆಕ್ಕ ಹಾಕಿ ಹೇಳಿದ್ದಳು.

ಇನ್ನು ಬರೆಯುವುದನ್ನು ನಾನು ಯಾರಿಗೂ ಹೇಳಿಲ್ಲ. ಅಕ್ಷರ ಅಳಿಸುವ ಕೀಲಿ ಯಾವುದೆಂದು ಅವಳೇ ನನಗೆ ಕಲಿಸಿದ್ದಳು. ಅವಳು ನೋಡುತ್ತಿದ್ದಂತೆಯೇ ಅದನ್ನು ಒತ್ತಿ ಹಿಡಿದು ಆ ಸಾಲನ್ನು ಅಳಿಸಿದೆ. ಅಳಿಯನಿಗೆ ಯಾವ ಮುಖದಿಂದ ಹೇಳುವುದು? ಅಷ್ಟು ಮರ್ಯಾದೆಯಿಂದ ಮನೆಗೇ ಕಳಿಸಿದ ಅಂಗಡಿಯವರ ಮುಂದೆ ಮತ್ತೆ ಅವರನ್ನು ಹೇಗೆ ನಿಲ್ಲಿಸುವುದು? ನಾಳೆ ಹೇಳೋಣ ಎಂದುಕೊಂಡೆ. ನಾಳೆ ಬಂದರೆ ಮತ್ತೆ ನಾಳೆ. ಅವಳು ಆ ಮಾತನ್ನು ಎರಡನೆಯ ಸಲ ಒತ್ತಲಿಲ್ಲ. ಒತ್ತುವ ಬಲ ಇರಲಿಲ್ಲವೋ, ನನ್ನ ಮಾನ ಕಾಯ್ದಳೋ, ತಿಳಿಯದು. ಉಣಿಸುವಾಗ ನನ್ನನ್ನೇ ನೋಡುತ್ತಿದ್ದಳು. ನಾನು ತುತ್ತಿನ ಮೇಲೆ ಕಣ್ಣಿಟ್ಟು ಉಣಿಸುತ್ತಿದ್ದೆ.

ಹೀಗೆ ಹದಿನೆಂಟು ದಿನ ಕಳೆದೆ.

ಕಡೆಗೆ ನಿಮ್ಮ ಅಪ್ಪನೇ ಕೇಳಿದರು. "ಯಾಕ್ರೀ ಅತ್ಯಾರ, ಈಗೀಗ ಆಕಿ ಏನೂ ಬರೀವಲ್ಲಳಲ್ಲ?" ನಿಂತಲ್ಲೇ ಅಳು ಬಂತು. ಕೀಲಿ ಬಿರುಸಾಗಿವೆ, ಹೊಸದೇ ಬೇಕಿತ್ತು ಎಂದಷ್ಟೇ ಹೇಳಿದೆ. ಸಾಲು ಅಳಿಸಿದ್ದನ್ನು ಹೇಳಲಿಲ್ಲ. ಅವರು ಚಹಾ ಅರ್ಧಕ್ಕೇ ಇಟ್ಟು ನವಲಗುಂದಕ್ಕೆ ಹೋದರು. ಆ ಹೊಸದು ಮಾರಿಹೋಗಿತ್ತು. ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ. "ಮೊದಲ ಹೇಳಬಾರದಿತ್ತೇನ್ರಿ, ಎತ್ತಿ ಇಡತಿದ್ನಲ್ರಿ" ಎಂದು ಮರುಗಿ, ಹುಬ್ಬಳ್ಳಿಯಿಂದ ಅಂಥದೇ ಇನ್ನೊಂದು ತರಿಸಿಕೊಟ್ಟರಂತೆ. ಅದು ಬರಲು ಮತ್ತೆ ಹನ್ನೊಂದು ದಿನ ಹಿಡಿಯಿತು. ಬಸ್ಸಿನ ಸಪ್ಪಳ ಕೇಳಿದಾಗಲೆಲ್ಲ ನಾನು ಬಾಗಿಲಿಗೆ ಬರುತ್ತಿದ್ದೆ.

ಬಂತು. ಅಷ್ಟರೊಳಗೆ ಎರಡು ಬೆರಳಲ್ಲಿ ಒಂದೇ ಉಳಿದಿತ್ತು. ಆ ಬೆರಳನ್ನು ನಾನೇ ಎತ್ತಿ ಕೀಲಿಯ ಮೇಲೆ ಇಟ್ಟರೆ, ಅದರ ಭಾರಕ್ಕೇ ಅಕ್ಷರ ಬೀಳುತ್ತಿತ್ತು. ಹೆಚ್ಚು ಬಿದ್ದದ್ದನ್ನು ನಾನು ಅಳಿಸುತ್ತಿದ್ದೆ, ಅವಳು ರೆಪ್ಪೆ ಬಡಿದು ಸಾಕು ಅನ್ನುತ್ತಿದ್ದಳು. ಮೊದಲ ದಿನ ಒಂದು ಸಾಲು. ಮರುದಿನ ಎರಡು. ನಿನ್ನ ಹತ್ತಿರ ಇರುವವು ಅವೇ. ಮೂರನೆಯ ದಿನ ಮುಂಜಾನೆ ಅವಳಿಗೆ ಉಸಿರು ಕಟ್ಟಿತು. ಧಾರವಾಡದ ದವಾಖಾನೆಗೆ ಒಯ್ದೆವು. ಅಲ್ಲಿಂದ ಅವಳು ತಿರುಗಿ ಬರಲಿಲ್ಲ.

ನಿನ್ನ ಕಾಗದ ತೆಗೆದು ನೋಡು. ಮೂರನೆಯ ಸಾಲಿನ ಕೊನೆಗೆ ಚುಕ್ಕೆ ಇಲ್ಲ. ಚುಕ್ಕೆ ಮರೆತ ಮಕ್ಕಳ ಬರೆಯುವ ಪಟ್ಟಿಯನ್ನು ತಿದ್ದಿಕೊಂಡು ಬಾ ಎಂದು ತಿರುಗಿ ಕೊಡುತ್ತಿದ್ದ ಮಾಸ್ತರಿಣಿ ಅವಳು. ನಿನಗೆ ಹೇಳುವುದು ಅವಳಿಗೆ ಮುಗಿದಿರಲಿಲ್ಲ. ಅದಕ್ಕೆ ಬೇಕಿದ್ದ ದಿನಗಳನ್ನು ಹಾಳು ಮಾಡಿದವಳು ನಾನು. ಸಿಟ್ಟು ಬಂದರೆ ನನ್ನ ಮೇಲೆ ಮಾಡು, ಅವಳ ಮೇಲೆ ಮಾಡಬೇಡ.