ಅಮ್ಮನ ಮುಖಕ್ಕೆ ಬೆಲೆ ಕಟ್ಟಿಸಲು ಹೋದದ್ದು

ಮಂಗಳವಾರ, ಶುಕ್ರವಾರ ಅಮ್ಮ ಊರು ಬಿಟ್ಟು ಹೊರಡುವಂತಿಲ್ಲ. ಸೋಮವಾರ ಮೆಟ್ರೊದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಾಗಾಗಿ ನಮ್ಮ ಪ್ರಯಾಣ ಬುಧವಾರಕ್ಕೆ ಗೊತ್ತಾಯಿತು. ಫೆಬ್ರವರಿ ತಿಂಗಳು; ಬೆಳಗಿನ ಚಳಿ ಆಗಲೇ ಬಿಡುತ್ತಿತ್ತು. ನಾವು ಹೋಗಬೇಕಾದ ಜಾಗಗಳಲ್ಲಿ ಮುಖ್ಯವಾದದ್ದು ಇಂದಿರಾನಗರ. ಜೀವನ್ ಬಿಮಾ ನಗರದ ನನ್ನ ಮನೆಯಿಂದ ಅದು ನಡೆದು ಹೋಗುವಷ್ಟು ಹತ್ತಿರ. ಆದರೂ ಅಮ್ಮ ಹೊರಡುವ ಕಡೆಯಿಂದಲೇ ಎಲ್ಲರೂ ಹೊರಡಬೇಕೆಂದು ಅಪ್ಪಣೆಯಾಗಿದ್ದರಿಂದ, ನಾನು ಆಟೊ ಹಿಡಿದು ಹಿಂದಕ್ಕೆ ಕೆ.ಆರ್. ಪುರಕ್ಕೆ ಹೋದೆ.

ಮೆಟ್ರೊ ಮೆಟ್ಟಿಲ ಬಳಿ ನನ್ನ ಸೋದರಮಾವ ಮುನಿಯಪ್ಪ ಒಂದು ಕಂಬಕ್ಕೆ ಒರಗಿದ್ದರು. ಗೋಪಾಲಪ್ಪನವರು ಇನ್ನೊಂದು ಕಂಬಕ್ಕೆ. ಒಂದೇ ಬೀದಿಯವರು, ಒಟ್ಟಿಗೆ ದನ ಕಾದವರು, ಕಳೆದ ಯುಗಾದಿಯಿಂದ ಮಾತು ಬಿಟ್ಟಿದ್ದರು. ನಮ್ಮ ನಾಲ್ಕನೆಯ ಪ್ರಯಾಣಿಕರು ಗೋಪಾಲಪ್ಪನವರು ಎದೆಗೆ ಆನಿಸಿಕೊಂಡಿದ್ದ ಬೆತ್ತದ ಬುಟ್ಟಿಯಲ್ಲಿದ್ದರು: ನನ್ನ ತಾಯಿಯ ಊರಿನ ದೇವತೆಯ ಬೆಳ್ಳಿ ಮುಖವಾಡ.

ಕೆ.ಆರ್. ಪುರದಿಂದ ಆಚೆಗಿರುವ ಆ ಊರಲ್ಲಿ ಈಗ ರಾಗಿ ಹೊಲ ಇಲ್ಲ, ಅಪಾರ್ಟ್‌ಮೆಂಟುಗಳಿವೆ. ಕಟ್ಟಳೆ ಮಾತ್ರ ಹಾಗೇ ಇದೆ. ಮುಖವಾಡ ಒಂದೊಂದು ವರ್ಷ ಒಂದೊಂದು ಮನೆಯಲ್ಲಿ ಇರುತ್ತದೆ. ಅದನ್ನು ತೊಳೆಯುವುದು, ಮುಟ್ಟುವುದು ಆ ಮನೆಯ ಗಂಡಸು ಮಾತ್ರ. ಹೆಂಗಸರು ಕೈ ಸೋಕಿಸುವಂತಿಲ್ಲ. ಕಳೆದ ಯುಗಾದಿಗೆ ಮಾವನ ಸರದಿ ಮುಗಿದು ಅಮ್ಮ ಗೋಪಾಲಪ್ಪನವರ ಮನೆಗೆ ಹೋದಾಗ ಅವರು ಎಲ್ಲರ ಮುಂದೆ, “ಇದು ನಮ್ಮಮ್ಮನ ಮುಖ ಅಲ್ಲ. ಹಗುರ ಐತೆ. ಹೊಸಾದು ಮಾಡ್ಸಿಟ್ಟವ್ರೆ” ಎಂದುಬಿಟ್ಟರು. ನೋಡಿದವರಿಗೆಲ್ಲ ಹೌದೆನ್ನಿಸಿತು. ಮುಖ ಕಪ್ಪಗೆ, ಜಿಡ್ಡಾಗಿ ಇದ್ದದ್ದು ಬೆಳ್ಳಗೆ ಹೊಳೆಯುತ್ತಿತ್ತು. ಹಿರಿಯರು ಮಾವನನ್ನು ಕರೆದು, “ನಿನ್ನ ಕೈ ಬಿಟ್ಟು ಇನ್ನೊಂದು ಕೈ ಅಮ್ಮನನ್ನ ಮುಟ್ಟಿಲ್ಲ ಅಂತ ಆಣೆ ಮಾಡು” ಎಂದರು. ಮಾವ ಆಣೆ ಮಾಡಲಿಲ್ಲ, ಯಾಕೆಂದೂ ಹೇಳಲಿಲ್ಲ. ಇನ್ನೊಂದು ಕೈ ಅಂದರೆ ಅಕ್ಕಸಾಲಿಗನ ಕೈ ಎಂದು ಊರು ತೀರ್ಮಾನಿಸಿತು. ಅದಾದ ಮೂರು ತಿಂಗಳಿಗೆ ಅತ್ತೆ ವೆಂಕಟಮ್ಮ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಆ ಮಣ್ಣಿಗೂ ಗೋಪಾಲಪ್ಪನವರ ಮನೆಯಿಂದ ಯಾರೂ ಬರಲಿಲ್ಲ.

ಈ ಯುಗಾದಿಗೆ ಮಾವನ ಮನೆಯನ್ನು ಸರದಿಯಿಂದಲೇ ತೆಗೆದುಹಾಕುವ ಮಾತು ನಡೆದಿತ್ತು. ಕಳ್ಳನ ಮನೆ ಎಂಬ ಹೆಸರು ಮಕ್ಕಳು ಮೊಮ್ಮಕ್ಕಳಿಗೂ ಉಳಿಯುತ್ತದೆ. ವಿಮೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದ ನನಗೆ ಹಳೆಯ ವಸ್ತುಗಳನ್ನು ಪರೀಕ್ಷಿಸಿ, ಕಾಲ ಹೇಳಿ, ಬೆಲೆ ಕಟ್ಟಿ ಪ್ರಮಾಣಪತ್ರ ಕೊಡುವವರು ಗೊತ್ತಿದ್ದರು. ತೋರಿಸೋಣ ಎಂದೆ. ಇಬ್ಬರೂ ಒಪ್ಪಿದರು. ಮಾವ ಅಷ್ಟು ಬೇಗ ಒಪ್ಪಿದ್ದು ನನಗೆ ಆಶ್ಚರ್ಯವಾಗಿತ್ತು.

ನಿಲ್ದಾಣದಲ್ಲಿ ಗೋಪಾಲಪ್ಪನವರು ನಾಲ್ಕು ಟೋಕನ್ ಕೊಂಡರು. “ಅಮ್ಮ ಬಿಟ್ಟಿ ಪ್ರಯಾಣ ಮಾಡ್ಬೇಕಾ?” ಎಂದು ನನ್ನನ್ನೇ ಗದರಿದರು. ತಪಾಸಣೆಯ ಯಂತ್ರದ ಮುಂದೆ ಮತ್ತೆ ತಕರಾರು. ಹೆಲ್ಮೆಟ್ಟು, ಊಟದ ಡಬ್ಬಿ ಮಲಗಿ ಹೋಗುವ ಬೆಲ್ಟಿನ ಮೇಲೆ ಬುಟ್ಟಿ ಇಡಲು ಅವರು ತಯಾರಿರಲಿಲ್ಲ. ಹಿಂದೆ ಸಾಲು ಬೆಳೆಯಿತು. ಕೊನೆಗೆ ಹೆಗಲ ಮೇಲಿನ ವಲ್ಲಿ ಹಾಸಿ ಅದರ ಮೇಲೆ ಬುಟ್ಟಿ ಇಟ್ಟರು. ಪರದೆ ನೋಡುತ್ತಿದ್ದ ಕಾವಲುಗಾರ, ಕಲಬುರಗಿ ಕಡೆಯ ಹುಡುಗ ಇರಬೇಕು, ನೆಟ್ಟಗೆ ಕೂತು, “ಯಾವೂರ ತಾಯಿರೀ ಈಕಿ?” ಎಂದ. ಊರ ಹೆಸರು ಹೇಳಿದೆವು. ಅವನು ಕೈ ಮುಗಿದು ಮುಂದಿನ ಬ್ಯಾಗ್ ನೋಡತೊಡಗಿದ.

ಎಂ.ಜಿ. ರಸ್ತೆಯವರೆಗೆ ಗೋಪಾಲಪ್ಪನವರು ಕೂತರು, ಮಾವ ಬಾಗಿಲ ಬಳಿ ನಿಂತರು. ಒಮ್ಮೆ ಗಾಡಿ ಜಗ್ಗಿ ಬುಟ್ಟಿ ವಾಲಿದಾಗ ನಾನು ಕೈ ಚಾಚಿದೆ. ಎರಡೂ ಕಡೆಯಿಂದ “ಹ್ಞಾಂ ಹ್ಞಾಂ!” ಎಂಬ ಸದ್ದು ಬಂತು. ಅಷ್ಟು ದಿನಗಳಲ್ಲಿ ಇಬ್ಬರೂ ಒಟ್ಟಿಗೆ ಹೇಳಿದ ಮೊದಲ ಮಾತು ಅದು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಎಂ.ಜಿ. ರಸ್ತೆಯಲ್ಲಿ ಇಳಿದು ಹೊರಹೋಗುವ ಗೇಟಿನಲ್ಲಿ ಒಂದು ಟೋಕನ್ ಉಳಿಯಿತು. ಸಿಬ್ಬಂದಿ “ಇದ್ಯಾರ್ದು?” ಎಂದು ಕೇಳಿದಾಗ ಬುಟ್ಟಿ ತೋರಿಸಿದೆ. ಆತ ಸುಮ್ಮನೆ ಇಸಿದುಕೊಂಡ.

ಆಟೊದವನಿಗೆ ನೂರು ರೂಪಾಯಿ ಕೊಟ್ಟು ಶಿವಾಜಿನಗರಕ್ಕೆ ಹೋದೆವು. ಮೊದಲು ಬೆಳ್ಳಿ ಹೌದೋ ಅಲ್ಲವೋ ತಿಳಿಯಲಿ ಎಂದು ಗೋಪಾಲಪ್ಪನವರ ಹಟ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಗಳಲ್ಲಿ ಬಟ್ಟೆಯ ಮೂಟೆ, ಕೋಳಿಯ ಪಂಜರ, ಪರಂಗಿ ಹಣ್ಣಿನ ಗಾಡಿಗಳ ನಡುವೆ ಅಮ್ಮನನ್ನು ಎತ್ತಿ ಹಿಡಿದು ದಾಟಿಸಿದ್ದಾಯಿತು. ಚಿನ್ನ ಬೆಳ್ಳಿ ಪರೀಕ್ಷೆಯ ಅಂಗಡಿಯ ಸಾಹೇಬರು ವಯಸ್ಸಾದವರು. ಒರೆಗಲ್ಲು ತೆಗೆದರು, ಮುಖ ನೋಡಿದರು, ಕಲ್ಲು ಪಕ್ಕಕ್ಕಿಟ್ಟರು.

“ನಿಮ್ದು ದೇವ್ರು ಮುಖಕ್ಕೆ ನಾನು ಗೆರೆ ಹಾಕಲ್ಲ ಸಾಬ್. ಮಷೀನ್ ಐತೆ, ಅದ್ರಲ್ಲಿ ನೋಡ್ತೀನಿ.”

ಯಂತ್ರ ಬೆಳ್ಳಿ ಎಂದಿತು, ಒಳ್ಳೆಯ ಬೆಳ್ಳಿ ಎಂದಿತು. ಮಾವನ ಮುಖ ಸ್ವಲ್ಪ ಸಡಿಲವಾಯಿತು. ಆದರೆ ಗೋಪಾಲಪ್ಪನವರು, “ಬೆಳ್ಳೀನೇ ಸರಿ. ಹಳೇದಾ, ಹೊಸಾದಾ?” ಎಂದರು.

“ಅದು ನನ್ಗೆ ಬರಲ್ಲ. ಹೊಸ ಚಾಂದೀನೂ ಚಾಂದೀನೇ” ಎಂದು ಸಾಹೇಬರು ಚಹಾ ತರಿಸಿಕೊಟ್ಟರು. ಮಾವ ಚಹಾ ಮುಟ್ಟಲಿಲ್ಲ.

ಅಮ್ಮ ಆ ದಾರಿಯಲ್ಲಿ ಹೋದರೆ ಹಲಸೂರಿನಲ್ಲಿರುವ ಅಕ್ಕನನ್ನು ಮಾತಾಡಿಸದೆ ಹೋಗಬಾರದಂತೆ. ಅಲ್ಲಿಯ ಸಣ್ಣ ಗುಡಿಯೊಂದರ ಮುಂದೆ ಬುಟ್ಟಿಯ ಬಟ್ಟೆ ಸರಿಸಿ ಅಕ್ಕ ತಂಗಿಯರನ್ನು ಎದುರುಬದುರು ಮಾಡಿಸಿದೆವು. ಪೂಜಾರಿ ತಮಿಳಿನಲ್ಲಿ ಕ್ಷೇಮ ವಿಚಾರಿಸಿ ನಿಂಬೆಹಣ್ಣು ಕೊಟ್ಟರು. ಪಕ್ಕದ ಮೆಸ್ಸಿನಲ್ಲಿ ಊಟ: ಅನ್ನ, ಹುರುಳಿ ಸಾರು, ಬೀನ್ಸ್ ಪಲ್ಯ. ಬುಟ್ಟಿಗೆ ಒಂದು ಕುರ್ಚಿ ಬೇಕಾಯಿತು. ಮಾವ ಎರಡು ತುತ್ತು ತಿಂದು ಎದ್ದರು. ನಾನು ಹಿಂದೆ ಹೋಗಿ, “ಮಾವ, ನಿಜವಾಗ್ಲೂ ಏನಾದ್ರೂ ಆಗಿದ್ರೆ ಈಗ್ಲೇ ಹೇಳ್ಬಿಡಿ” ಎಂದೆ.

“ಆಯಮ್ಮ ಹೇಳ್ಲಿ. ನಾನು ಹೇಳಾಂಗಿಲ್ಲ” ಎಂದು ಬುಟ್ಟಿಯತ್ತ ನೋಡಿ ಕೈ ತೊಳೆದರು.

ಇಂದಿರಾನಗರದ ಆ ಕಚೇರಿ ನೂರಡಿ ರಸ್ತೆಯಿಂದ ಒಳಗಿನ ಅಡ್ಡರಸ್ತೆಯ ಹಳೆಯ ಬಂಗಲೆಯಲ್ಲಿ. ಕೆಳಗೆ ಬಿಯರ್ ಮಾರುವ ಹೋಟೆಲು, ಮೇಲೆ ಕಚೇರಿ. ಹಜಾರದ ತುಂಬ ನಿಂತ ಗಡಿಯಾರಗಳು, ಲಾಟೀನುಗಳು, ಒಂದು ಪಿಯಾನೊ. ಪರೀಕ್ಷೆ ಮಾಡುವವರು ಹೊರಬಂದಾಗ ಗೋಪಾಲಪ್ಪನವರು ಬುಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಬಂದವರು ಹೆಂಗಸು. ಐವತ್ತರ ಆಸುಪಾಸು, ಕತ್ತರಿಸಿದ ಕೂದಲು, ಕತ್ತಿನಲ್ಲಿ ಭೂತಗನ್ನಡಿ. ನಾನು ಮೊದಲೇ ಹೇಳಿರಲಿಲ್ಲ, ಹೇಳಿದ್ದರೆ ಇಬ್ಬರೂ ಬರುತ್ತಿರಲಿಲ್ಲ.

ಆಕೆ ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ನೀಲಿ ರಬ್ಬರಿನ ಕೈಗವಸು ಹಾಕಿಕೊಂಡರು. ಗೋಪಾಲಪ್ಪನವರು ಅದನ್ನೇ ನೋಡಿ, ಕೊನೆಗೊಂದು ತೀರ್ಪು ಕೊಟ್ಟರು: “ರಬ್ಬರ್ ಹಾಕ್ಕೊಂಡವ್ರಲ್ಲ. ಅದು ಮುಟ್ಟಿದಂಗಲ್ಲ.”

ಬಹಳ ಹೊತ್ತು ನೋಡಿದ ಮೇಲೆ ಆಕೆ ಮುಖವಾಡವನ್ನು ಬೋರಲು ಮಾಡಿ, ಹಿಂಬದಿಗೆ ಅರಗಿನಿಂದ ಅಂಟಿಸಿದ್ದ ಕೆಂಪು ಬಟ್ಟೆಯ ಅಂಚು ಬಿಡಿಸಲು ಅನುಮತಿ ಕೇಳಿದರು. ಗೋಪಾಲಪ್ಪನವರು ತಲೆಯಾಡಿಸಿದರು. ಅವರ ಕಾಲದಲ್ಲಿ ಆ ಬಟ್ಟೆ ತೆಗೆದವರಿಲ್ಲ. ಒಳಗೆ ಬೆಳ್ಳಿ ಬಾಣಲೆಯ ತಳದಷ್ಟು ಕಪ್ಪಗಿತ್ತು.

“ಇಲ್ನೋಡಿ, ಸುತ್ತಿಗೆ ಏಟು. ಒಂದೊಂದು ಒಂದೊಂದು ಥರ. ಕೈಕೆಲಸ. ನೂರು ವರ್ಷ ಅಂತೂ ದಾಟಿದೆ, ಡೌಟೇ ಇಲ್ಲ. ಆದ್ರೆ ಮುಂದ್ಗಡೆ...” ಆಕೆ ಮುಖವನ್ನು ಮೇಲೆ ತಿರುಗಿಸಿದರು. ಮೂಗುತಿಯ ಸಂದಿಯಲ್ಲಿ, ಹುಬ್ಬಿನ ಗೆರೆಯಲ್ಲಿ ಬಿಳಿಯ ಪುಡಿ ಇತ್ತು. “ಯಾರು ಸಾರ್ ಇದನ್ನ ಹಲ್ಲುಪುಡಿ ಹಾಕಿ ಉಜ್ಜಿದ್ದು? ಅಷ್ಟು ವರ್ಷದ ಎಣ್ಣೆ, ಕುಂಕುಮ, ಹೊಗೆ ಎಲ್ಲಾ ಹೋಗಿದೆ. ಹಳೇ ಸಾಮಾನು ಕೂಡಿಡೋ ಕಲೆಕ್ಟರ್ಸ್ ಕೊಡೋ ಬೆಲೆ ಅರ್ಧಕ್ಕರ್ಧ ಬಿದ್ದೋಯ್ತು.”

ಕೆಳಗಿನ ಹೋಟೆಲಿನಲ್ಲಿ ಲೋಟ ತೊಳೆಯುವ ಸದ್ದು ಕೇಳುತ್ತಿತ್ತು. ಮಾವ ಮೇಜಿನ ಮೇಲಿನ ಮುಖವನ್ನೇ ನೋಡುತ್ತ ಹೇಳಿದರು: “ವೆಂಕಟಮ್ಮ.”

ಸರದಿ ಒಪ್ಪಿಸುವ ಹಿಂದಿನ ದಿನ ಮಾವನಿಗೆ ಜ್ವರ. ಬೇರೆಯವರ ಮನೆಗೆ ಹೋಗುವ ಅಮ್ಮನನ್ನು ಮಸಿ ಮುಖದಲ್ಲಿ ಕಳಿಸುವುದು ಹೇಗೆಂದು ಅತ್ತೆಯೇ ಕೂತು ಉಜ್ಜಿದರಂತೆ, ಮನೆಯ ದೀಪದ ಕಂಬ ಉಜ್ಜುವ ಹಾಗೆ.

“ಅವತ್ತು ಆಣೆ ಹೆಂಗೆ ಮಾಡ್ಲಿ? ಹೇಳಾನ ಅಂದ್ರೆ ಅವ್ಳ ಮಾನ. ಅವ್ಳು ಹೋದ್ಮೇಲೆ ಹೇಳಿದ್ರೆ ಊರೋರೆಲ್ಲ ಏನನ್ನೋರು? ಮುಟ್ಟಿದ್ದಕ್ಕೇ ಸತ್ಳು ಅನ್ನೋರು. ಅದರ ಬದ್ಲು ನಾನೇ ಕಳ್ಳ ಆಗ್ಲಿ ಅಂತ ಸುಮ್ನಿದ್ದೆ.”

ನಾನು ಪ್ರಯಾಣದ ವಿವರ ಬರೆದುಕೊಳ್ಳಲು ತಂದಿದ್ದ ಪೆನ್ನಿನ ಕ್ಯಾಪು ತೆಗೆದು ಹಾಕುತ್ತ ಕೂತೆ. ಗೋಪಾಲಪ್ಪನವರು ವಲ್ಲಿಯಿಂದ ಮುಖ ಒರೆಸಿಕೊಂಡರು.

“ನಾನೇನು ನಮ್ಮನೇಲಿ ತೊಳ್ದಿದೀನಿ ಅಂದ್ಕೊಂಡಿದೀಯಾ ಮುನಿಯಪ್ಪ? ಮೊದ್ಲು ನಮ್ಮವ್ವ ತೊಳೀತಿದ್ಳು. ಈಗ ನನ್ನ ಹೆಂಡ್ತಿ. ನಾನು ಮಡಿ ಪಂಚೆ ಉಟ್ಕೊಂಡು ಬಾಗ್ಲಲ್ಲಿ ನಿಂತ್ಕೋತೀನಿ, ಯಾರೂ ಬರ್ದಂಗೆ.” ವಲ್ಲಿ ಹೆಗಲಿಗೆ ಹಾಕಿಕೊಂಡು, “ನನ್ನ ಯಾರೂ ಆಣೆ ಕೇಳ್ಲಿಲ್ಲ, ಅಷ್ಟೇಯ” ಎಂದರು.

ಪ್ರಮಾಣಪತ್ರ ವಾರದೊಳಗೆ ಕಳಿಸುವುದಾಗಿ ಆಕೆ ಹೇಳಿದರು. ಬೆಲೆ ಎಷ್ಟು ಬರೆಯುತ್ತೀರೆಂದು ಯಾರೂ ಕೇಳಲಿಲ್ಲ. ಮೆಟ್ಟಿಲಿಳಿಯುವಾಗ ಗೋಪಾಲಪ್ಪನವರು ಮಾವನ ತೋಳು ಹಿಡಿದುಕೊಂಡು, ಯುಗಾದಿಗೆ ಎಲ್ಲರ ಮುಂದೆ ತಾನೇ ಹೇಳುವುದಾಗಿ ಹೇಳಿದರು. “ವೆಂಕಟಮ್ಮನ ಹೆಸ್ರು?” ಎಂದು ಮಾವ ಕೇಳಿದರು. “ಅವ್ಳ ಹೆಸ್ರು ಹೇಳೋದಾದ್ರೆ ನಮ್ಮವ್ವನ ಹೆಸ್ರು ಮೊದ್ಲು ಹೇಳ್ತೀನಿ” ಎಂದರು ಗೋಪಾಲಪ್ಪನವರು.

ನನ್ನ ಮನೆ ಅಲ್ಲಿಂದ ಹತ್ತಿರವೇ ಇತ್ತು. ಆದರೂ ಹೋದವರೆಲ್ಲ ಒಟ್ಟಿಗೆ ಮರಳಬೇಕೆಂದು ಅವರೊಂದಿಗೇ ಮೆಟ್ರೊ ಹತ್ತಿದೆ. ಮತ್ತೆ ನಾಲ್ಕು ಟೋಕನ್. ಸಂಜೆಯ ನೂಕುನುಗ್ಗಲು, ಒಂದೇ ಒಂದು ಸೀಟು ಖಾಲಿಯಾಯಿತು. ಇಬ್ಬರೂ ನನ್ನನ್ನು ಕೂರಿಸಿದರು. ಗೋಪಾಲಪ್ಪನವರು ಬುಟ್ಟಿಯನ್ನು ನನ್ನ ಮಡಿಲಿಗೆ ಇಳಿಸಿದರು.

“ಹಿಡ್ಕೊಳಮ್ಮ. ಕೈ ನೋಯ್ತೈತೆ.”

ಅಂದುಕೊಂಡದ್ದಕ್ಕಿಂತ ಭಾರವಿತ್ತು. ಬೈಯಪ್ಪನಹಳ್ಳಿ ದಾಟುವಾಗ ಬಟ್ಟೆ ಜಾರಿ ಅಮ್ಮನ ಕೆನ್ನೆ ಕಾಣಿಸಿತು. ಮೂಗುತಿಯ ಬಳಿ ಇನ್ನೂ ಒಂದಿಷ್ಟು ಬಿಳಿ ಪುಡಿ ಇತ್ತು, ನನ್ನ ಅತ್ತೆಯ ಕೈಯಿಂದ ಉಳಿದದ್ದು. ನಾನು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೆನ್ನೆಯನ್ನಷ್ಟೇ ಒರೆಸಿದೆ. ಪುಡಿ ಇದ್ದಲ್ಲೇ ಬಿಟ್ಟೆ. ಎದುರಿಗೆ ನಿಂತಿದ್ದ ಇಬ್ಬರೂ ಆ ಹೊತ್ತಿಗೆ ಸರಿಯಾಗಿ ಕಿಟಕಿಯತ್ತ ತಿರುಗಿ ಬೆನ್ನಿಗಾನಹಳ್ಳಿ ಕೆರೆ ನೋಡುತ್ತಿದ್ದರು.