ಹುಳುಸಾಹೇಬನ ಸ್ವೆಟರ್

ಪ್ರಾಣಿಶಾಸ್ತ್ರ ಓದಿ ಕೆಲಸ ಹಿಡಿದ ದಿನವೇ ಸೋದರಮಾವ ಅವನಿಗೆ ‘ಹುಳುಸಾಹೇಬ’ ಅಂತ ಹೆಸರಿಟ್ಟರು. ಹೆಸರು ಬೀದಿಗೆಲ್ಲ ಹಬ್ಬಿತು. ಮರುದಿನ ಎದುರುಮನೆಯಾಕೆ ಕುಂಟುವ ಬೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು.

“ಆಂಟಿ, ನಾನು ದನದ ಡಾಕ್ಟರಲ್ಲ.”

“ಮತ್ತೆ ಪ್ರಾಣಿ ವಿಷಯನೇ ಓದಿದ್ದಂತಲ್ಲಪ್ಪಾ?”

“ಹೌದು, ಆದ್ರೆ ನಮ್ಮ ಹತ್ತಿರ ಸತ್ತಮೇಲೆ ತರಬೇಕು,” ಎಂದುಬಿಟ್ಟ. ಆಕೆ ಇವತ್ತಿಗೂ ಅವನ ಮುಖ ನೋಡುವುದಿಲ್ಲ.

ಮಾವ ಬಿಡಬೇಕಲ್ಲ! “ವಾಸಿ ಮಾಡಲ್ಲ, ಸಾಕಲ್ಲ, ಆಟ ಆಡಿಸಲ್ಲ. ಮತ್ತೇನು ಕಡಿದು ಕಟ್ಟೆ ಹಾಕ್ತೀಯೋ?”

“ನೀವು ಮಾಡೋದೇ ಮಾವ. ಮನೆಗೆ ಯಾರೇ ಬಂದ್ರೂ ಯಾವ ಕಡೆಯವರು, ಏನು ತಿಂತಾರೆ, ಮಕ್ಕಳೆಷ್ಟು, ಯಾರಿಗೆ ಏನಾಗಬೇಕು ಅಂತ ಕೆದಕಲ್ವಾ? ನಾವು ಅದನ್ನೇ ಪ್ರಾಣಿಗಳನ್ನ ಕೇಳ್ತೀವಿ. ಅವು ಬಾಯಿ ಬಿಡಲ್ಲ, ಅದಕ್ಕೆ ಹಲ್ಲು ನೋಡ್ತೀವಿ.”

ಮಾವನಿಗೆ ಆ ಶಾಸ್ತ್ರದ ಮೇಲೆ ಮೊದಲ ಬಾರಿಗೆ ಗೌರವ ಮೂಡಿತು.

ಅವನ ಕೆಲಸ ಸಂಗ್ರಹಾಲಯದ ಹಿಂದಿನ, ಕಿಟಕಿಯಿಲ್ಲದ ಕೋಣೆಯಲ್ಲಿ. ಅಲ್ಲಿ ಗಾಜಿನ ತೊಟ್ಟಿ. ತೊಟ್ಟಿಯ ತುಂಬ ಕಂದು ದುಂಬಿಗಳು, ಅವುಗಳ ರೋಮದ ಮರಿಹುಳುಗಳು. ಒಣಗಿದ ಕಳೇಬರ ಇಟ್ಟರೆ ಮಾಂಸವನ್ನೆಲ್ಲ ತಿಂದು, ಚಾಕು ಹೋಗದ ಸಂದಿಯನ್ನೂ ಗೋರಿ, ಮೂಳೆಯನ್ನಷ್ಟೇ ಉಳಿಸಿಕೊಡುತ್ತವೆ. ಸಾವಿರಾರು ಮಂದಿ ಕೈಕೆಳಗಿದ್ದೂ ಒಬ್ಬರೂ ರಜೆ ಕೇಳದ ಅಧಿಕಾರಿ ಆ ಕಟ್ಟಡದಲ್ಲಿ ಇವನೊಬ್ಬನೇ. ಹುಳುಗಳ ಕೆಲಸ ಖಾಯಂ; ಇವನದಿನ್ನೂ ತಾತ್ಕಾಲಿಕ.

ಆಗ ಕಾಲುವೆಯಲ್ಲೊಂದು ನೀರುನಾಯಿ ಸತ್ತು ಸಿಕ್ಕಿತು. ಅದರ ವಯಸ್ಸೆಷ್ಟು, ತಿನ್ನುತ್ತಿದ್ದದ್ದೇನು, ಮೇಲಿನ ಹೊಳೆಯ ನೀರುನಾಯಿಗಳಿಗೆ ಇದು ನೆಂಟನೋ ಬೇರೆಯೋ, ಉತ್ತರವೆಲ್ಲ ತಲೆಬುರುಡೆಯಲ್ಲಿತ್ತು.

“ಚೊಕ್ಕಟವಾಗಿ ಬಿಡಿಸಿಕೊಡಿ. ಆಮೇಲೆ ನಿಮ್ಮ ಖಾಯಂ ವಿಷಯ ಮಾತಾಡೋಣ,” ಎಂದರು ವಿಭಾಗದ ಮುಖ್ಯಸ್ಥೆ ಮೇಡಂ.

ಒಣಗಿಸಿದ ತಲೆಯನ್ನು ತೊಟ್ಟಿಯೊಳಗಿಟ್ಟ ಶನಿವಾರ ಸಂಜೆ ಮೈ ಕೊರೆಯುವ ಚಳಿ. ಬೆಚ್ಚಗಿಲ್ಲದಿದ್ದರೆ ಹುಳುಗಳು ತಿನ್ನುವುದಿಲ್ಲವೆಂದು ಓದಿದ್ದ ನಮ್ಮ ಸಾಹೇಬನ ಕರುಳು ಚುರ್ ಎಂದಿತು. ತನ್ನ ಸ್ವೆಟರನ್ನು ಬಿಚ್ಚಿ, ಎಳೆಗೂಸಿಗೆ ಹೊದಿಸಿದ ಹಾಗೆ ತೊಟ್ಟಿಯ ಜಾಲರಿಯ ಮೇಲೆಲ್ಲ ಹೊದಿಸಿದ. ಹಲ್ಲು ಕಟಕಟಿಸುತ್ತ, ತ್ಯಾಗಮೂರ್ತಿಯ ಹಾಗೆ ಮನೆಗೆ ನಡೆದ.

ಸೋಮವಾರ ಬಂದು ನೋಡಿದರೆ ತೊಟ್ಟಿ ಗಪ್‌ಚಿಪ್. ಮರಿಹುಳುಗಳು ಮುರುಟಿ ಬಿದ್ದಿದ್ದವು. ನೀರುನಾಯಿಯ ಮುಖದ ಮಾಂಸ ಇದ್ದ ಹಾಗೇ ಇತ್ತು.

ಮೇಡಂ ಬಂದರು, ಮೂಗು ಅರಳಿಸಿದರು, ಸೀದಾ ಸ್ವೆಟರಿನ ಜೇಬಿಗೆ ಕೈ ಹಾಕಿದರು. ಬಿಳೀ ಗುಂಡುಗಳು ಬಂದವು.

“ಏನ್ರೀ ಇದು?”

“ನುಸಿಗುಳಿಗೆ ಮೇಡಂ. ಅಮ್ಮ ಇಟ್ಟಿರ್ತಾರೆ. ಸ್ವೆಟರನ್ನ ಹುಳ ತಿನ್ನದಿರಲಿ ಅಂತ…”

“ಖಂಡಿತ ತಿಂದಿಲ್ಲ ಬಿಡಿ. ವಾಸನೆ ಬರ್ಲಿಲ್ವಾ ನಿಮಗೆ?”

ಹೇಗೆ ಬರಬೇಕು! ಅಮ್ಮನ ಬೀರುವಿನ ಬಟ್ಟೆ ಉಟ್ಟೇ ಬೆಳೆದ ಮೂಗಿಗೆ ಅದು ವಾಸನೆಯಲ್ಲ, ಬಟ್ಟೆಯ ಗುಣ.

“ಇವಕ್ಕೆ ಏನು ಹಿತ ಅಂತ ನಿಮ್ಮನ್ನ ನೀವೇ ಕೇಳ್ಕೊಂಡ್ರಿ. ಇವನ್ನ ಕೇಳ್ಬೇಕಿತ್ತು,” ಎಂದು ಮೇಡಂ ಚಿಮಟ ಕೈಗಿತ್ತು ಹೋದರು. ಖಾಯಂ ಮಾತೇ ಎತ್ತಲಿಲ್ಲ.

ಮಿಸುಕುವವನ್ನೆಲ್ಲ ಒಂದೊಂದಾಗಿ ಹೆಕ್ಕಿ ಹೊಸ ತೊಟ್ಟಿಗೆ ಬಿಟ್ಟ. ನೀರುನಾಯಿಯ ತಲೆಯನ್ನು ನಡುವೆ ಇಟ್ಟ. ಅವು ಮೂತಿ ತಿರುವಿ ಮೂಲೆ ಸೇರಿದವು. ಗಾಜಿಗೆ ಮೂಗು ಒತ್ತಿ ದಿನವೂ ಗೋಗರೆದ: “ತಿನ್ನಿ ಮಾರಾಯ್ರೇ, ನಿಮ್ಮ ದಮ್ಮಯ್ಯ!”

ಕೊನೆಗೊಂದು ಮಧ್ಯಾಹ್ನ ಮರಿಹುಳುವೊಂದು ದವಡೆಯ ಸಂದಿಗೆ ನುಗ್ಗಿತು. ಒಂದು ಎಳೆ ಮಾಂಸ ಅಲುಗಿತು, ಹರಿಯಿತು, ಮಾಯವಾಯಿತು. ಹಿಂದೆಯೇ ಇನ್ನೆರಡು ಹೊರಟವು. ಹುಳುಸಾಹೇಬ ಕಾರಿಡಾರಿನುದ್ದ ಓಡಿ ಮೀಟಿಂಗ್ ಕೋಣೆಯ ಬಾಗಿಲು ದೂಡಿದ.

“ಮೇಡಂ, ತಲೆ ತಿಂತಾ ಇವೆ!”

ದೊಡ್ಡವರೆಲ್ಲ ಕೈಯಲ್ಲಿದ್ದ ಬಿಸ್ಕತ್ತನ್ನು ಮೆಲ್ಲಗೆ ತಟ್ಟೆಗಿಟ್ಟರು. ಮೇಡಂ ಮಾತ್ರ ಕುರ್ಚಿ ಸರಿಸಿ ಅವನ ಹಿಂದೆಯೇ ಬಂದು, ಗಾಜಿನ ಮುಂದೆ ಮಂಡಿಯೂರಿ ಕೂತರು.

“ಖಾಯಂ ಅರ್ಜಿ ನಾಳೆ ತನ್ನಿ,” ಎಂದರು ತಿರುಗದೆಯೇ. “ಈಗ ಸದ್ದು ಮಾಡ್ಬೇಡಿ. ಊಟ ಮಾಡ್ಲಿ.”