ಕೆಳಗಿಳಿಯದ ಕಣ್ಣು

ಲೇಕ್ ಮಾರ್ಕೆಟ್ಟಿನ ನಮ್ಮ ಹೋಟೆಲಿನಲ್ಲಿ ಸಾಂಬಾರಿನ ಬಕೆಟ್ಟು ಹಿಡಿಯುವ ಅಧಿಕಾರ ನನ್ನದು. ಗಲ್ಲಾದಲ್ಲಿ ಯಾರು ಬೇಕಾದರೂ ಕೂರಲಿ, ಗಿರಾಕಿಗೆ ಬಡಿಸುವವನು ಯಜಮಾನನೇ ಆಗಬೇಕೆಂಬುದು ಉಡುಪಿಯಿಂದ ಬಂಗಾಳಕ್ಕೆ ಬಂದಾಗಿನ ಹಠ. ಹಾಗಿರುವಾಗ ಕಳೆದ ವರ್ಷದಿಂದ ಸಾಂಬಾರು ಬಟ್ಟಲು ಬಿಟ್ಟು ಮೇಜಿಗೆ ಬೀಳತೊಡಗಿತು. ಒಮ್ಮೆ ಒಬ್ಬರ ಬಿಳಿ ಜುಬ್ಬಾದ ಮೇಲೂ ಬಿತ್ತು. ಇಳಿಯುವಾಗ ಜಾರಿದರೆ ಮೆಟ್ಟಿಲನ್ನು ಬೈದೆ, ಚಪ್ಪಲಿಯನ್ನು ಬೈದೆ. ಕನ್ನಡಕ ಬದಲಿಸಿದರೂ ಉಪಯೋಗವಾಗಲಿಲ್ಲ. ಬೆಳಿಗ್ಗೆಯೇ ಕುಡಿದು ಬರುತ್ತಾನೆ ಎಂದು ಪಕ್ಕದ ಅಂಗಡಿಯವರು ಆಡಿಕೊಂಡದ್ದು ಕಿವಿಗೆ ಬಿದ್ದ ಮೇಲೆ, ಮಗಳ ಮಾತಿಗೆ ಒಪ್ಪಿ ನರರೋಗದ ಡಾಕ್ಟರ ಹತ್ತಿರ ಹೋದೆ. ಒಂದು ತೊಟ್ಟೂ ಮುಟ್ಟಿದವನಲ್ಲ ನಾನು.

ಅಲ್ಲಿ ಕ್ಯಾಮೆರಾ ಇರುವ ದಪ್ಪ ಕನ್ನಡಕ ಕಟ್ಟಿದರು. ಎದುರಿನ ಪರದೆಯಲ್ಲಿ ಒಂದು ಕೆಂಪು ಚುಕ್ಕಿ. ಅದು ಹೋದ ಕಡೆ ಕಣ್ಣು ಹೋಗಬೇಕು, ತಲೆ ಅಲುಗಬಾರದು. ಇಷ್ಟೇನಾ ಎಂದು ನಗು ಬಂತು. ಚುಕ್ಕಿ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ನಾನೂ ಹೋದೆ. ಅದು ಕೆಳಗಿಳಿದಾಗ ಮಾತ್ರ ಪರೀಕ್ಷೆ ಮಾಡುವ ಹುಡುಗಿ ಮತ್ತೆ ಮತ್ತೆ ನಿಲ್ಲಿಸಿ, ತಲೆ ಬಗ್ಗಿಸಬೇಡಿ ಎಂದು ಹಿಂದಿಯಲ್ಲಿ ಹೇಳತೊಡಗಿದಳು. ಬಗ್ಗಿಸಲೇ ಇಲ್ಲ ಎಂದು ರೇಗಿದೆ. ಕೊನೆಗೆ ಮಗಳನ್ನು ಕರೆದು, ಹಿಂದಿನಿಂದ ನನ್ನ ತಲೆ ಹಿಡಿದು ನಿಲ್ಲಲು ಹೇಳಿದಳು.

ಚುಕ್ಕಿಯ ಜೊತೆ ಕೆಳಗಿನ ತನಕ ಹೋಗಿ ಬಂದೆನೆಂದೇ ನನ್ನ ನಂಬಿಕೆ. ಆಮೇಲೆ ರೆಕಾರ್ಡಾದದ್ದನ್ನು ತೋರಿಸಿದರು. ಪರದೆ ತುಂಬ ನನ್ನವೇ ಎರಡು ಕಣ್ಣು. ಚುಕ್ಕಿ ಕೆಳಗೆ ತಲುಪಿತ್ತು, ಕಣ್ಣು ನಡುವಿನಲ್ಲೇ ನಿಂತಿತ್ತು. ಮಷೀನು ಹಾಳಾಗಿದೆ ಎಂದೆ.

“ಮಷೀನ್ ಸರಿ ಉಂಟು ಅಪ್ಪ,” ಎಂದಳು ಮಗಳು. “ನಿಮ್ಮ ಕಣ್ಣು ಕೆಳಗೆ ಹೋಗುದೇ ಇಲ್ಲ.”

ಉಳಿದ ಪರೀಕ್ಷೆಗಳೂ ಮುಗಿದ ಮೇಲೆ ಡಾಕ್ಟರು ವಿವರಿಸಿದರು. ದೋಷ ಕಣ್ಣಿನದಲ್ಲ, ಇಳಿ ಎಂದು ಕಣ್ಣಿಗೆ ಹೇಳುವ ಮೆದುಳಿನ ಜಾಗವೇ ಸೊರಗುತ್ತಿದೆ, ಗುಣವಾಗುವ ಕಾಯಿಲೆಯಲ್ಲ ಎಂದರು. ಇಷ್ಟು ದಿನ ಕಣ್ಣಿನ ಕೆಲಸವನ್ನು ನನಗೇ ತಿಳಿಯದಂತೆ ಕತ್ತು ಮಾಡುತ್ತಿತ್ತಂತೆ, ಅದು ಸಾಲದಾದಾಗ ಸಾಂಬಾರು ಚೆಲ್ಲುತ್ತಿತ್ತಂತೆ. ಬಕೆಟ್ಟು ಹಿಡಿಯಬಹುದೇ ಎಂದು ಕೇಳಬೇಕೆಂದಿದ್ದೆ. ಮಗಳು ಎದುರಿಗಿದ್ದಳೆಂದು ಚೀಟಿ ತೆಗೆದುಕೊಂಡು ಎದ್ದುಬಿಟ್ಟೆ.

ಮರುದಿನ ಯಾರನ್ನೂ ಕೇಳದೆ ಬಕೆಟ್ಟು ಎತ್ತಿದೆ. ದಿನವೂ ಬರುವ ಬಂಗಾಳಿ ಮೇಷ್ಟ್ರ ಹತ್ತಿರ ಹೋದಾಗ ಅವರು ಮಾತು ನಿಲ್ಲಿಸಿ, ಬಟ್ಟಲನ್ನು ಎರಡೂ ಕೈಯಲ್ಲಿ ನನ್ನ ಎದೆಯ ಮಟ್ಟಕ್ಕೆ ಎತ್ತಿ ಹಿಡಿದರು. ಆಚೆ ಮೇಜಿನವನೂ ತನ್ನ ಬಟ್ಟಲು ಎತ್ತಿದ. ಮಗಳು ಎಲ್ಲರಿಗೂ ಹೇಳಿಟ್ಟಿದ್ದಳು. ಒಂದು ಹನಿ ಚೆಲ್ಲದೆ ಬಡಿಸಿದೆ. ಅವರು ಬೈದಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ನಾಚಿಕೆಯಾದವರು ಕಣ್ಣು ಕೆಳಗೆ ಹಾಕುತ್ತಾರೆ. ನಾನು ಮೇಷ್ಟ್ರ ಮುಖವನ್ನೇ ನೋಡುತ್ತ ನಿಂತಿದ್ದೆ.